ಅಕ್ಕನ ಎರಡು ಫೋನುಗಳು

ನಾರಾಯಣಪುರ ಡ್ಯಾಮಿನ ಕ್ಯಾಂಪಿನ ಎರಡನೇ ಸಾಲಿನ ಕ್ವಾರ್ಟರ್ಸಿನಲ್ಲಿ ಹೋದ ವರ್ಷದವರೆಗೆ ಇದ್ದ ನನ್ನ ಮಲ್ಲಕ್ಕನಿಗೆ,

'ನಾನು ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು' ಎಂದು ಕಾಗದ ಶುರು ಮಾಡಬೇಕೆಂದು ನಮ್ಮೂರು ಶಿರವಾಳದ ಶಾಲೆಯಲ್ಲಿ ಕಲಿಸಿದ್ದರು. ಹಾಗೆ ಬರೆದರೆ ಒಂದೇ ಸಾಲಿನಲ್ಲಿ ಎರಡು ಸುಳ್ಳು ಬಂದುಬಿಡುತ್ತವೆ. ನೀನು ತೀರಿಕೊಂಡು ಒಂಬತ್ತು ತಿಂಗಳಾಯಿತು. ನಾನು ಉಣ್ಣುತ್ತೇನೆ, ಮಲಗುತ್ತೇನೆ, ಹೊತ್ತಿಗೆ ಸರಿಯಾಗಿ ಅಂಗಡಿ ತೆಗೆಯುತ್ತೇನೆ. ಅದನ್ನು ಕ್ಷೇಮ ಎನ್ನುವುದಾದರೆ ಕ್ಷೇಮ. ಇಷ್ಟು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಒಂದೂ ಕಾಗದ ಓಡಾಡಲಿಲ್ಲ, ಎಲ್ಲ ಮಾತೂ ಫೋನಿನಲ್ಲೇ ಮುಗಿಯಿತು. ಫೋನಿನಲ್ಲಿ ಮುಗಿಯದ ಒಂದು ಮಾತು ಉಳಿದಿದೆ. ಅದನ್ನು ಹೇಳಲು ಕೂತಿದ್ದೇನೆ. ಸಿಟ್ಟಿಗೇಳದೆ ಕೇಳು, ಅಥವಾ ಸಿಟ್ಟಿಗೆದ್ದೇ ಕೇಳು, ಒಟ್ಟು ಕೇಳು.

ಅವ್ವ ಹೋದಾಗ ನನಗೆ ಆರು ವರ್ಷ, ನಿನಗೆ ಹದಿನೈದು. ಅಪ್ಪ ಮಂದಿಯ ಹೊಲಕ್ಕೆ ದುಡಿಯಲು ಹೋದರೆ ಹೊತ್ತು ಮುಳುಗಿದ ಮೇಲೇ ಬರುವವನು. ಅಳುವ ನನ್ನನ್ನು ಸುಮ್ಮನಿರಿಸಲು ನಿನಗೆ ಗೊತ್ತಿದ್ದ ಆಟ ಒಂದೇ. ಊರ ಹೊರಗಿನ ಹಳೆ ಗುಡಿಗಳಿಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದು ಗುಡಿಯೊಳಗೆ ನಿಲ್ಲಿಸಿ ನನ್ನಿಂದ 'ಕೂ' ಅನ್ನಿಸುತ್ತಿದ್ದೆ. ದನಿ ತಿರುಗಿ ಬಂದ ರೀತಿಯ ಮೇಲೆ ಅದು ಯಾವ ಗುಡಿ ಎಂದು ನಾನು ಹೇಳಬೇಕು. ಹತ್ತಕ್ಕೆ ಐದು ತಪ್ಪುತ್ತಿದ್ದೆ. ನಿನ್ನ ಸರದಿ ಬಂದಾಗ ನೀನು ಒಂದೂ ತಪ್ಪುತ್ತಿರಲಿಲ್ಲ. "ಕಿವಿ ಇರೂದು ಓಲಿ ಹಾಕ್ಕೊಳ್ಳಾಕಷ್ಟ ಅಲ್ಲೋ ಲಾಲ್ಯಾ" ಎಂದು ನನ್ನ ಕಿವಿ ಹಿಂಡುತ್ತಿದ್ದೆ. ಮಗ್ಗುಲಲ್ಲಿ ಮಲಗಿದ ನನ್ನ ಉಸಿರು ಕೇಳಿಯೇ ನಾಳೆ ಇವನಿಗೆ ಜ್ವರ ಬರುತ್ತದೆ ಎಂದು ಅಪ್ಪನಿಗೆ ಹೇಳುತ್ತಿದ್ದೆ. ಮರುದಿನ ಜ್ವರ ಬಂದೇ ಬರುತ್ತಿತ್ತು. ನಿನ್ನ ಬಾಯಿಂದಲೇ ಬಂತೆಂದು ಅಪ್ಪ ನಿನ್ನನ್ನು ಬೈಯುತ್ತಿದ್ದ.

ಆಮೇಲೆ ನಿನ್ನ ಲಗ್ನವಾಯಿತು. ಕಾಲುವೆಯ ತೂಬಿನ ಬಾಗಿಲು ತೆಗೆದು ಮುಚ್ಚುವ ಕೆಲಸದ ರಾಮಲಿಂಗ ಮಾವನ ಜೊತೆ ನೀನು ನಾರಾಯಣಪುರಕ್ಕೆ ಹೋದೆ. ನಿನಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ "ನನ್ನ ಮಗಾ ಶಹಾಪುರದಾಗ ಹಾನ, ಫೋನ್ ರಿಪೇರಿ ಮಾಡ್ತಾನ" ಎಂದು ನನ್ನ ಹೆಸರು ಹೇಳುತ್ತಿದ್ದೆಯಂತೆ. ಅದನ್ನು ಮಾವ ನನಗೆ ಹೇಳಿದ್ದು ಈಗ, ನೀನು ಹೋದ ಮೇಲೆ.

ನನ್ನ ಕೆಲಸದ ವಿಷಯ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ಬರೆಯುತ್ತೇನೆ, ಬರೆದರೆ ನನಗೇ ಸ್ವಲ್ಪ ತಿಳಿದೀತು. ನಾನೂ ಇನಾಯತನೂ ಸೇರಿ ಶಹಾಪುರದ ಹಳೆ ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಹಾಕಿ ಹನ್ನೊಂದು ವರ್ಷವಾಯಿತು. ಮಂದಿ ಬಿಟ್ಟುಕೊಟ್ಟ ಫೋನು ತಂದು, ಬಿಚ್ಚಿ, ತೊಳೆದು, ಕೆಟ್ಟ ಭಾಗ ತೆಗೆದು ಬೇರೆ ಹಾಕಿ, ಮತ್ತೆ ಮಾರುವುದು ನಮ್ಮ ದಂಧೆ. ಫೋನು ಬಿಚ್ಚಿದರೆ ಯಜಮಾನ ಯಾರೆಂದು ಹೇಳಬಹುದು. ಗಿರಣಿಯವನ ಫೋನಿನ ಕಿವಿಯ ಜಾಲರಿಯಲ್ಲಿ ಹಿಟ್ಟು ಇರುತ್ತದೆ, ಹತ್ತಿಯ ಮಿಲ್ಲಿನವರದರಲ್ಲಿ ಅರಳೆ. ಮೆಣಸಿನಕಾಯಿ ವ್ಯಾಪಾರಿಯ ಫೋನು ತೆರೆದ ದಿನ ಇನಾಯತ ಹದಿನೇಳು ಸಲ ಸೀನಿದ್ದ. ಪರದೆ, ಬ್ಯಾಟರಿ ಇವೆಲ್ಲ ಸುಲಭ, ಕಣ್ಣಿಗೆ ಕಾಣುತ್ತವೆ. ಕಷ್ಟ ಆವಾಜಿನದು. ಬದಲಿಸಿ ಹಾಕಿದ ಮೈಕು ಚೀರುತ್ತದೆಯೋ, ಅದರ ತೂತಿಗೆ ಅಂಟು ಹೋಗಿ ಮಾತು ಮುಚ್ಚಿಕೊಂಡಿದೆಯೋ, ಅದನ್ನು ಕೇಳಿಯೇ ತಿಳಿಯಬೇಕು. ಮಾರುವವನ ಕಿವಿಯನ್ನು ನಂಬುವ ಹಾಗಿಲ್ಲ, ಅದು ತನ್ನ ಮಾಲು ಯಾವಾಗಲೂ ಚಲೋ ಎನ್ನುತ್ತದೆ. ಅದಕ್ಕೆ ನಾನು ತಯಾರಾದ ಪ್ರತಿಯೊಂದು ಫೋನಿನಿಂದಲೂ ನಿನಗೆ ಒಂದು ಕರೆ ಮಾಡುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕು, ಐದು ಕರೆ.

ನೀನು ಶೇಂಗಾ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೇಳಿ ತೀರ್ಪು ಕೊಡುತ್ತಿದ್ದೆ. ಆಣೆಯ ಲೆಕ್ಕ ನಿನ್ನದು, ಹದಿನಾರಕ್ಕೆ ಇಷ್ಟು ಎಂದು. "ದುಪಟಿ ಹೊದ್ಕೊಂಡು ಮಾತಾಡಿದಂಗ ಅದ, ಎಂಟಾಣಿ." "ಇದು ತಗಡಿನ ಮ್ಯಾಲ ಜ್ವಾಳ ಸುರುವಿದಂಗ ಕೇಳ್ತದ, ಯಾರಿಗಿ ಕೊಡ್ತಿ ಇದನ್ನ, ಪಾಪ ಹತ್ತೀತು." ಹದಿನಾಲ್ಕು ಆಣೆ ದಾಟಿದ ಫೋನು ಬಹಳ ಕಡಿಮೆ. ಹದಿನಾರಾಣೆ ಯಾಕೆ ಕೊಡುವುದಿಲ್ಲ ಎಂದರೆ "ಹದಿನಾರಾಣಿ ಕೊಟ್ರ ನೀ ಕಲಿಯೂದು ಬಿಡ್ತಿ" ಎನ್ನುತ್ತಿದ್ದೆ. ಹತ್ತಾಣೆಗಿಂತ ಕೆಳಗಿನದನ್ನು ನಾನು ಮತ್ತೆ ಬಿಚ್ಚುತ್ತಿದ್ದೆ. ಇನಾಯತ ಗಿರಾಕಿಗಳಿಗೆ ಹೇಳುತ್ತಿದ್ದ, "ಇದು ಮಲ್ಲಾಬಾಯಿ ಪಾಸ್ ಮಾಡಿದ್ದರೀ, ಕಣ್ಣು ಮುಚ್ಚಿ ಒಯ್ಯಿರಿ" ಎಂದು. ಈ ತಾಲೂಕಿನ ಸಾವಿರಾರು ಫೋನುಗಳಲ್ಲಿ ಮೊದಲು ಹರಿದದ್ದು ನಿನ್ನ ಮಾತು. ಆದರೆ ಒಂದರಲ್ಲೂ ನಿನ್ನ ದನಿ ಉಳಿದಿಲ್ಲ, ಅಕ್ಕ. ಹುಡುಕಿದೆ. ಉಳಿಸಬೇಕೆಂದು ಆಗ ಯಾರಿಗೆ ಹೊಳೆಯುತ್ತದೆ.

ಈಗ ನಿನ್ನ ಫೋನಿನ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದ ಹಿಂದಿನ ನಾಗರ ಪಂಚಮಿಗೆ ನಿನ್ನನ್ನು ತವರಿಗೆ ಕರೆಯಲು ಬಂದಾಗ ನಾನೇ ಕೂಡಿಸಿದ ಒಂದು ಫೋನನ್ನು ನಿನ್ನ ಉಡಿಗೆ ಹಾಕಿದೆ. ನೋಡಲು ಚೆಂದವಿತ್ತು. ಆದರೆ ಅದರಲ್ಲಿ ಒಂದು ಐಬು ಇತ್ತು, ನಿನಗೆ ಹೇಳಿರಲಿಲ್ಲ. ಫೋನಿಗೆ ಎರಡು ಮೈಕು ಇರುತ್ತವೆ. ಕೆಳಗಿನದು ನಮ್ಮ ಬಾಯಿಯ ಮಾತು ಕೇಳುತ್ತದೆ. ಮೇಲೊಂದು ಸಣ್ಣದು ಇರುತ್ತದೆ, ಅದು ಸುತ್ತಲಿನ ಗದ್ದಲ ಕೇಳುತ್ತದೆ. ಫೋನು ಕೆಳಗಿನದರಿಂದ ಮೇಲಿನದನ್ನು ಕಳೆದು, ಬರೀ ಮಾತನ್ನು ಆ ಕಡೆಯವರಿಗೆ ಕಳಿಸುತ್ತದೆ. ನಿನ್ನ ಫೋನಿನ ಮೇಲಿನ ಮೈಕು ಸತ್ತಿತ್ತು. ಕಲಬುರಗಿಯಲ್ಲಿ ಕೇಳಿದೆ, ಹೈದರಾಬಾದಿಗೆ ಹೇಳಿ ಕಳಿಸಿದೆ, ಆ ಭಾಗ ಸಿಗಲಿಲ್ಲ. ಅಕ್ಕನಿಗೆ ತಾನೇ, ನಡೆಯುತ್ತದೆ ಎಂದು ಹಾಗೇ ಮುಚ್ಚಿ ಕೊಟ್ಟೆ. ಪರಾಯಿಯವರಿಗಾದರೆ ಕೊಡುತ್ತಿರಲಿಲ್ಲ. ನಮ್ಮವರಿಗೆ ಎಂದರೆ ಕೈ ಸಡಿಲವಾಗುವುದು ನನ್ನ ಹಳೆ ಚಟ.

ಹಾಗಾಗಿ ನೀನು ಫೋನು ಮಾಡಿದರೆ ಇಡೀ ಕ್ಯಾಂಪು ನನ್ನ ಕಿವಿಗೆ ಬರುತ್ತಿತ್ತು. ಪಕ್ಕದ ಮನೆಯ ಚಮನಬೀಯ ಕೋಳಿಗಳು, ಕುಕ್ಕರಿನ ಸೀಟಿ, ಮಾವನ ಸೈಕಲ್ಲು, ನಿನ್ನ ಅತ್ತೆಯ ಗೊಣಗಾಟ. ಡ್ಯಾಮಿನಿಂದ ನೀರು ಬಿಡುವ ಮುಂಚೆ ಊದುವ ಸೈರನ್ನು ನಾನು ಶಹಾಪುರದಲ್ಲಿ ಕೂತು ಕೇಳುತ್ತಿದ್ದೆ. ನೀನು ಬಾಯಿ ತೆರೆಯುವ ಮುಂಚೆಯೇ ರೊಟ್ಟಿ ಬಡಿಯುತ್ತಿದ್ದೀಯೋ, ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದಿದ್ದೀಯೋ ಗೊತ್ತಾಗುತ್ತಿತ್ತು. "ಮೊದ್ಲು ಕುಂದ್ರು, ಉಸುರು ಬಿಡು, ಆಮ್ಯಾಲ ಮಾತಾಡು" ಎಂದು ನಾನೇ ಎಷ್ಟು ಸಲ ಹೇಳಿಲ್ಲ. ಇನಾಯತ ನಗುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಊರಿಗೆಲ್ಲ ಆವಾಜು ಸರಿ ಮಾಡಿಕೊಡುವವನು ಸ್ವಂತ ಅಕ್ಕನಿಗೆ ಸಂತೆಯನ್ನೇ ಕಟ್ಟಿಕೊಟ್ಟಿದ್ದೆ.

ಅದರ ಮೇಲೆ ನಿನ್ನ ಅತ್ತೆ ಆಡಿದ ಮಾತು. ಹೋದ ವರ್ಷ ಕಾರಹುಣ್ಣಿಮೆಗೆ ನಾಲ್ಕು ಮಂದಿ ಬೀಗರು ಕೂತಾಗ, ನಿನ್ನ ಕೈಯಲ್ಲಿನ ಫೋನು ನೋಡಿ ಆಕೆ ಅಂದಿದ್ದಳಂತೆ, "ತವರ್ಮನಿಯವ್ರು ಮಗಳಿಗಿ ಮಂದಿ ಬಾಯಿ ಹಚ್ಚಿದ ಫೋನ್ ಕೊಟ್ಟಾರ" ಎಂದು. ನೀನು ಅದನ್ನು ನನಗೆ ನಗುತ್ತಲೇ ಹೇಳಿದೆ. ನನಗೆ ಮೈ ಉರಿದುಹೋಯಿತು. ಉಟ್ಟು ಬಿಟ್ಟ ಸೀರೆಯನ್ನು ಯಾವ ತವರಿನವರೂ ಮಗಳ ಉಡಿಗೆ ಹಾಕುವುದಿಲ್ಲ. ಹಳೇ ಫೋನನ್ನು ಹೊಸದರಂತೆ ಮಾಡುವುದು ನನ್ನ ಅನ್ನ. ಆದರೆ ತವರಿನ ಕೊಡುಗೆಯಾಗಿ ಅದು ಎಂಜಲೇ ಎಂದು ನನಗೇ ಅನ್ನಿಸಿಬಿಟ್ಟಿತು. ಆಕೆ ಹೇಳಿದ್ದು ತಪ್ಪಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಮುಂದಿನ ತಿಂಗಳೇ ಡಬ್ಬಿಯ ಮುದ್ರೆ ಒಡೆಯದ ಹೊಸ ಫೋನು ತಂದೆ. ಹನ್ನೊಂದು ವರ್ಷದಲ್ಲಿ ನಾನು ಕೊಂಡ ಮೊದಲ ಹೊಸ ಫೋನು ಅದು. ನನಗೂ ಹೊಸದಿಲ್ಲ, ಹೆಂಡತಿ ಪರಿಮಳಾಗೂ ಇಲ್ಲ. ಪಂಚಮಿಗೆ ಸರಿಯಾಗಿ ಅಂಗಡಿಯನ್ನು ಪಕ್ಕದ ದೊಡ್ಡ ಮಳಿಗೆಗೆ ಬದಲಿಸುತ್ತಿದ್ದೆವು. ಬಣ್ಣ ಬಳಿಯುವವರು, ಬಡಿಗೇರರು, ಕರೆಂಟಿನವರು. "ಅಂಗಡಿ ಎರಡ್ ದಿನಾ ನಿಂತ್ರ ಏನಾಗ್ತದರೀ, ಅಕ್ಕನ್ನ ಕರ್ಕೊಂಡು ಬರ್ರಿ" ಎಂದು ಪರಿಮಳಾ ಹೇಳಿದಳು, ಅವಳನ್ನು ನಾನು ಗದರಿಸಿದೆ. ಹೊಸ ಫೋನು, ಒಂದು ಇಳಕಲ್ಲ ಸೀರೆ, ಎರಡು ಡಬ್ಬಿ ಉಂಡಿ, ಎಲ್ಲ ಕಟ್ಟಿ ನಾರಾಯಣಪುರದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸಿದೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಪಂಚಮಿಯನ್ನೂ ನಾನು ತಪ್ಪಿಸಿರಲಿಲ್ಲ. ಹುಡುಗನಾಗಿದ್ದಾಗ ಅಪ್ಪನ ಬೆನ್ನಿಗೆ, ಆಮೇಲೆ ಒಬ್ಬನೇ. ಕರೆಯಲು ಬರುವ ತಮ್ಮನ ಬದಲು ನೀನು ಬಸ್ ನಿಲ್ದಾಣದಲ್ಲಿ ನಿಂತು ಪಾರ್ಸಲ್ ಇಳಿಸಿಕೊಂಡೆ. ಇಷ್ಟು ದೊಡ್ಡ ಕೊಡುಗೆ ಕೊಟ್ಟ ಮೇಲೆ ಹೋಗದಿದ್ದರೂ ಸಲ್ಲುತ್ತದೆ ಎಂದು ನಾನು ಎಣಿಸಿದ್ದೆ. ನಿನ್ನ ಅತ್ತೆಯ ಮುಂದೆ ಆ ಡಬ್ಬಿ ತೆರೆಯುವುದನ್ನು ನೆನೆಸಿಕೊಂಡೇ ನನಗೆ ಹಬ್ಬವಾಯಿತು.

ಹೊಸ ಫೋನಿನಲ್ಲಿ ನಿನ್ನ ಮೊದಲ ಮಾತು ಕೇಳಿ ನಾನು ಬೆರಗಾಗಿದ್ದು ಖರೆ. ಕೋಳಿಯಿಲ್ಲ, ಕುಕ್ಕರಿಲ್ಲ, ಅತ್ತೆಯಿಲ್ಲ. ನಿನ್ನ ದನಿ ಒಂದೇ, ತೊಳೆದು ಒರೆಸಿ ಇಟ್ಟ ಹಾಗೆ. ಇನಾಯತನ ಕಿವಿಗೂ ಹಿಡಿದೆ. "ವಾಹ್, ಇದಕ್ಕ ಅಂತಾರ ನೋಡು ಆವಾಜು" ಎಂದ. ನಾವು ರಿಪೇರಿ ಮಾಡಿ ಕೊಡುವ ಫೋನುಗಳು ಇದರ ಮುಂದೆ ಏನೂ ಅಲ್ಲ ಎಂದು ಅವತ್ತು ನನ್ನ ಕಸುಬಿನ ಮೇಲೇ ಬೇಸರವಾಯಿತು.

ಒಂದು ತಿಂಗಳು ಕಳೆಯಿತು. ನಿನ್ನ ಮಾತು ಕಡಿಮೆಯಾಗುತ್ತಾ ಬಂತು. ಒಂದು ಫೋನಿಗೆ ಅರ್ಧ ತಾಸು ಬೈಯುತ್ತಿದ್ದವಳು "ಚಲೋ ಅದ" ಎಂದು ಮುಗಿಸತೊಡಗಿದೆ. ಎರಡು ಮಾತು ಆಡುವೆ, ಆಮೇಲೆ ಸುಮ್ಮನಾಗುವೆ. ಮತ್ತೆ ಎರಡು ಮಾತು, ಮತ್ತೆ ಸುಮ್ಮನೆ. ಆ ಸುಮ್ಮನಿರುವಾಗ ಆ ಕಡೆಯಿಂದ ಏನೂ ಬರುತ್ತಿರಲಿಲ್ಲ, ಲೈನು ಕಡಿದುಹೋದ ಹಾಗೆ. ನಾನು "ಹಲೋ, ಹಲೋ" ಎಂದರೆ "ಇದ್ದೀನಿ, ಹೇಳು" ಎನ್ನುತ್ತಿದ್ದೆ. ಪಂಚಮಿಗೆ ಬರಲಿಲ್ಲವೆಂಬ ಮುನಿಸು ಎಂದು ನಾನು ತಿಳಿದೆ. ಒಂದು ದಿನ ಕೇಳಿಯೇ ಬಿಟ್ಟೆ, "ನನ್ನ ಮ್ಯಾಲ ಮುನಿಸ್ಕೊಂಡಿಯೇನಕ್ಕ?" ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ಹೌದು. ಮುನಿಸ್ಕೊಂಡೀನಿ" ಎಂದೆ. ನನಗೆ ಒಳಗೊಳಗೇ ಖುಷಿಯಾಯಿತು. ಐವತ್ತಕ್ಕೆ ಹತ್ತಿರವಾದ ಅಕ್ಕ ತವರಿನ ಮೇಲೆ ಇನ್ನೂ ಮುನಿಸಿಕೊಳ್ಳುತ್ತಾಳೆ ಎಂದು ಇನಾಯತನಿಗೆ ಹೆಮ್ಮೆಯಿಂದ ಹೇಳಿಕೊಂಡೆ. ಮುನಿಸು ಕರಗುವ ಹೊತ್ತಿಗೆ ಕರಗುತ್ತದೆ ಎಂದು ಬಿಟ್ಟುಬಿಟ್ಟೆ.

ದೀಪಾವಳಿಗೆ ಆರು ದಿನವಿದ್ದಾಗ ಮಾವನ ಕರೆ ಬಂತು, ನಿನ್ನ ಫೋನಿನಿಂದಲೇ. ಬೆಳಗಿನ ಹತ್ತು ಗಂಟೆ. "ಲಾಲಪ್ಪ, ನಿಮ್ಮಕ್ಕ ತೀರ್ಕೊಂಡ್ಳಪ್ಪಾ" ಎಂದ. ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಅವನು ಖಾಲಿ ಕೋಣೆಯಲ್ಲಿ ಒಬ್ಬನೇ ಕೂತು ಹೇಳುತ್ತಿದ್ದಾನೆ ಅನ್ನಿಸಿತು. ಸುಳ್ಳಿರಬೇಕು ಎಂದುಕೊಂಡೆ. ಸಾವಿನ ಮನೆಯಲ್ಲಿ ಇಷ್ಟು ಸದ್ದಿಲ್ಲದೆ ಹೇಗಿರುತ್ತದೆ? ನಾನೂ ಪರಿಮಳಾಳೂ ಸುರಪುರದ ಮೇಲೆ ಬಂದು ಕ್ಯಾಂಪಿನಲ್ಲಿ ಇಳಿದಾಗ ಗೇಟಿಗೇ ಅಳು ಕೇಳುತ್ತಿತ್ತು. ಎರಡೂ ಸಾಲಿನ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ನಿನ್ನನ್ನು ಅಷ್ಟು ಕಾಡಿದ ಅತ್ತೆಯೂ "ನನಗಿಂತ ಮೊದ್ಲ ಯಾಕ ಹೋದಿ" ಎಂದು ನೆಲಕ್ಕೆ ಹಣೆ ಚಚ್ಚುತ್ತಿದ್ದಳು. ಬೆಳಗಿನಿಂದ ಹೀಗೇ ನಡೆದಿತ್ತಂತೆ. ಅಷ್ಟು ಅಳುವಿನಲ್ಲಿ ಒಂದು ಎಳೆಯೂ ಫೋನಿನಲ್ಲಿ ಬಂದಿರಲಿಲ್ಲ.

ಮೂರನೆಯ ದಿನ ಚಮನಬೀ ಚಹಾದ ಕಪ್ಪು ಹಿಡಿದು ನನ್ನ ಹತ್ತಿರ ಬಂದು ಕೂತಳು. ಆಮೇಲೆ ಕೇಳಿದಳು, "ಅಣ್ಣಾ, ದಿನಾ ಫೋನ್ ಮಾಡ್ತಿದ್ರಲ್ಲ. ಅಕ್ಕನ ದಮ್ಮು ನಿಮಗ ಕೇಳಲಿಲ್ಲೇನ್ರಿ? ನಮ್ಮ ಗ್ವಾಡಿ ದಾಟಿ ಕೇಳ್ತಿತ್ತು." ಎರಡು ಮಾತಿಗೊಮ್ಮೆ ನಿನಗೆ ಉಸಿರು ಸಾಲುತ್ತಿರಲಿಲ್ಲವಂತೆ. ಮಲಗಿದರೆ ಕಟ್ಟಿಕೊಳ್ಳುತ್ತದೆಂದು ಗೋಡೆಗೆ ಒರಗಿ ಕೂತೇ ಇರುತ್ತಿದ್ದೆಯಂತೆ. ದವಾಖಾನೆಯಲ್ಲಿ ಗುಂಡಿಗೆಯ ಪರೀಕ್ಷೆ ಮಾಡಿಸಬೇಕು, ಕಲಬುರಗಿಗೆ ಒಯ್ಯಿರಿ ಎಂದಿದ್ದರು. ನೀನು ದೀಪಾವಳಿ ಹಬ್ಬ ಮುಗಿಯಲಿ ಎಂದಿದ್ದೆ. ಮಾವ ನನಗೆ ತಿಳಿಸುತ್ತೇನೆ ಎಂದರೆ "ಬ್ಯಾಡ್ರಿ, ಆಂವ ಈಗ ಅಂಗಡಿ ಬದಲ್ ಮಾಡ್ಯಾನ, ಫಿಕರ್ ಹಚ್ಕೊಂಡು ಎಲ್ಲಾ ಬಿಟ್ಟು ಓಡಿ ಬರ್ತಾನ" ಎಂದು ತಡೆದಿದ್ದೆ. ನನ್ನ ಮೇಲೆ ನಿನಗಿದ್ದ ನಂಬಿಕೆ ಅದು. ನಾನು ಎಲ್ಲ ಬಿಟ್ಟು ಓಡಿ ಬರುವವನು ಎಂದು.

ಚಮನಬೀ ಕೊಟ್ಟ ಚಹಾ ಆರಿ ಹೋಯಿತು.

ದಿನಕರ್ಮ ಮುಗಿಸಿ ಹೊರಡುವಾಗ ಮಾವ ನಿನ್ನ ಎರಡೂ ಫೋನುಗಳನ್ನು ನನ್ನ ಕೈಗೆ ಕೊಟ್ಟ. ಹಳೆಯದನ್ನು ನೀನು ಎಸೆದಿರಲಿಲ್ಲ, ನಿನ್ನ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಮರುದಿನ ಅಂಗಡಿಯಲ್ಲಿ ಎರಡನ್ನೂ ಟೇಬಲ್ಲಿನ ಮೇಲೆ ಇಟ್ಟುಕೊಂಡು ಕೂತೆ. ಇನಾಯತನಿಗೆ ಹೇಳಿದೆ, "ಬಸ್ ಸ್ಟ್ಯಾಂಡ್ ಸುತ್ತ ಎರಡ್ ರೌಂಡ್ ಓಡು. ದಮ್ಮು ಹತ್ತಿದ ಕೂಡ್ಲೇ ಇದರಾಗ ಮಾತಾಡು." ಅವನು ಯಾಕೆ ಎಂದು ಕೇಳಲಿಲ್ಲ. ಹೊಟ್ಟೆ ಬಿಟ್ಟ ನಲವತ್ತೈದರ ಮನುಷ್ಯ, ಹಗಲು ಹೊತ್ತಿನಲ್ಲಿ ಚಪ್ಪಲಿ ಬಿಟ್ಟು ಬಸ್ಸುಗಳ ನಡುವೆ ಓಡಿದ. ಮಂದಿ ನಿಂತು ನೋಡಿ ನಕ್ಕರಂತೆ. ನಾನು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಕಿವಿಗೆ ಫೋನು ಹಿಡಿದಿದ್ದೆ.

ಮೊದಲು ಹೊಸ ಫೋನು. "ಲಾಲಪ್ಪ ಭಾಯ್" ಎಂದ. ಆಮೇಲೆ ಏನೂ ಇಲ್ಲ. "ಕೇಳಾಕತ್ತದೇನು" ಎಂದ. ಆಮೇಲೆ ಏನೂ ಇಲ್ಲ. ಅವನು ನೆರಳಿನಲ್ಲಿ ಆರಾಮವಾಗಿ ನಿಂತು, ಯೋಚಿಸಿ ಯೋಚಿಸಿ ಮಾತಾಡುತ್ತಿದ್ದಾನೆ ಎನ್ನಬೇಕು, ಹಾಗಿತ್ತು. ಮತ್ತೊಂದು ಸುತ್ತು ಓಡಿ ಬಂದು ಹಳೆ ಫೋನಿನಲ್ಲಿ ಮಾತಾಡಿದ. ಮಾತಿಗಿಂತ ಮೊದಲು ಅವನ ದಮ್ಮು ಬಂತು, ಕಮ್ಮಾರನ ತಿದಿಯ ಹಾಗೆ. ಬಸ್ಸಿನ ಹಾರ್ನು ಬಂತು, ಕಂಡಕ್ಟರನ ಕೂಗು ಬಂತು, ಅವೆಲ್ಲದರ ನಡುವೆ ಅವನ ಎದೆ ಏರಿ ಇಳಿಯುವುದು ಒಂದೊಂದೂ ಬಂತು. ಹೊಸ ಫೋನಿಗೆ ಮಾತು ಮಾತ್ರ ಬೇಕು. ಉಸಿರು ಅದರ ಲೆಕ್ಕದಲ್ಲಿ ಗದ್ದಲ. ನೀನು ಉಸಿರಿಗಾಗಿ ಬಡಿದಾಡುತ್ತಿದ್ದ ಹೊತ್ತನ್ನೆಲ್ಲ ಅದು ಗುಡಿಸಿ ಹಾಕಿ ನನಗೆ ಮುನಿಸನ್ನು ಕಳಿಸಿತ್ತು. ನನಗೆ ನಾಚಿಕೆ ತರಿಸಿದ್ದ ಆ ಸತ್ತ ಮೈಕಿನ ಹಳೆ ಫೋನಾಗಿದ್ದರೆ, ನಾನು ಮೊದಲ ದಿನವೇ ಬಸ್ಸು ಹತ್ತುತ್ತಿದ್ದೆ.

ಇನಾಯತ ಒಳಗೆ ಬಂದವನು ನನ್ನನ್ನು ನೋಡಿ, ಬೆವರು ಒರೆಸಿಕೊಳ್ಳುವುದನ್ನೂ ಮರೆತು ಪಕ್ಕದಲ್ಲಿ ಕೂತ. "ಫೋನಿಂದ ತಪ್ಪು ಭಾಯ್, ನಿಂದೇನದ?" ಎಂದ. ಆ ಮಾತನ್ನು ನಾನು ಮುಳುಗುವವನು ಹಗ್ಗ ಹಿಡಿದಂತೆ ಹಿಡಿದುಕೊಂಡೆ. ಪರಿಮಳಾಗೆ ಹೇಳಿದೆ, ಮಾವನಿಗೆ ಹೇಳಿದೆ. ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದೆ. ಹೊಸದು ಚಲೋನೋ, ರಿಪೇರಿ ಮಾಡಿದ್ದು ಚಲೋನೋ ಎಂದು ಯಾರು ಕೇಳಿದರೂ ಎರಡೂ ಫೋನು ತೆಗೆದು, ಇನಾಯತನನ್ನು ಓಡಿಸದಿದ್ದರೂ ನಾನೇ ಜೋರಾಗಿ ಉಸಿರಾಡಿ ತೋರಿಸಿ, ನಿನ್ನ ಕಥೆ ಹೇಳಿದೆ. ಕೇಳಿದವರು "ಅಯ್ಯೋ ಪಾಪ" ಎನ್ನುತ್ತಿದ್ದರು. ಹೇಳಿ ಹೇಳಿ ಆ ಕಥೆ ನುಣುಪಾಯಿತು. ಎಲ್ಲಿ ನಿಲ್ಲಿಸಿದರೆ ಕೇಳುವವರ ಕಣ್ಣು ತುಂಬುತ್ತದೆ ಎಂದು ಕೂಡ ನನಗೆ ಗೊತ್ತಾಗಿತ್ತು. ನಿನ್ನ ಸಾವಿನಿಂದ ನಮ್ಮ ವ್ಯಾಪಾರ ಹೆಚ್ಚಾಯಿತು ಎಂದರೆ ನಂಬುತ್ತೀಯಾ? ಹೆಚ್ಚಾಯಿತು.

ಹೋದ ವಾರ ಸುರಪುರದ ರಂಗಂಪೇಟೆಯಿಂದ ಜಹೀರುನ್ನೀಸಾ ಎಂಬ ಮುದುಕಿ ಬಂದಿದ್ದಳು. ಮಗಳು ಯಾದಗಿರಿಯಲ್ಲಿ ಇದ್ದಾಳೆ, ದಿನಾ ಮಾತಾಡಲು ಒಂದು ಫೋನು ಬೇಕು. "ಹೊಸಾದೂ ಹಳೇದೂ ಎಲ್ಲಾ ಬಿಡಪ್ಪ, ನನ್ನ ಮಗಳ ಆವಾಜು ಯಾವುದ್ರಾಗ ಖರೇ ಕೇಳ್ತದ ಅದನ್ನ ಕೊಡು" ಎಂದಳು. ನಾನು ನನ್ನ ಕಥೆ ಶುರು ಮಾಡಿದೆ. ಆಕೆ ಗಲ್ಲಕ್ಕೆ ಕೈ ಹಚ್ಚಿ ಪೂರ್ತಿ ಕೇಳಿದಳು. ಅಯ್ಯೋ ಪಾಪ ಎನ್ನಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದಳು, "ಅಷ್ಟು ದಮ್ಮು ಹತ್ತಿದಾಕಿ, ನಿನಗ ಒಮ್ಮಿನೂ ಬಾ ಅನಲಿಲ್ಲೇನಪ್ಪಾ?"

"ಇಲ್ರಿ" ಎಂದೆ. ಎಷ್ಟು ಬೇಗ ಬಂತು ಆ ಮಾತು ನನ್ನ ಬಾಯಿಂದ. ಆಕೆ ಹಳೆಯದೊಂದು ಫೋನು ತೆಗೆದುಕೊಂಡು ಹೋದಳು. ನಾನು ಅಂದಿನಿಂದ ಯಾರಿಗೂ ಕಥೆ ಹೇಳಿಲ್ಲ. ಏಳು ದಿನವಾಯಿತು, ನಿನ್ನ ಎರಡೂ ಫೋನುಗಳನ್ನು ಬಿಚ್ಚುತ್ತೇನೆ, ಮತ್ತೆ ಕೂಡಿಸುತ್ತೇನೆ. ಪರಿಮಳಾ ದೃಷ್ಟಿ ತೆಗೆದಳು, ಇನಾಯತ ದರ್ಗಾದಿಂದ ತಾಯಿತ ತಂದ. ಅವರಿಗೆ ಹೇಳಲು ಬಾಯಿ ಬರಲಿಲ್ಲ, ನಿನಗೆ ಹೇಳುತ್ತೇನೆ. ನಿನಗೆ ಗೊತ್ತಿರುವುದೇ. ಗೊತ್ತಿರುವವಳು ನೀನೊಬ್ಬಳೇ.

ಮಹಾನವಮಿಯ ಅಮಾವಾಸ್ಯೆ ಕಳೆದ ಮರುದಿನ, ನೀನು ಹೋಗುವುದಕ್ಕೆ ಮೂರು ವಾರ ಮುಂಚೆ, ಮಧ್ಯಾಹ್ನ. ನನ್ನ ಕೈಯಲ್ಲಿ ಸ್ಕ್ರೂ ಬಿಚ್ಚುವ ಕಡ್ಡಿ, ಎದುರಿಗೆ ಮೂರು ಜನ ಗಿರಾಕಿಗಳು. ನೀನು ಅಂದೆ, "ಒಮ್ಮಿ ಬಂದು ಹೋಗೋ ಲಾಲ್ಯಾ. ನಿನ್ನ ನೋಡಬೇಕು ಅನಸಾಕತ್ತದ." ಆ ಮಾತಿನಲ್ಲಿ ಬಿಡುವಿರಲಿಲ್ಲ. ಅದಕ್ಕಾಗಿ ನೀನು ಉಸಿರು ಕೂಡಿಸಿಟ್ಟುಕೊಂಡಿದ್ದೆ ಎಂದು ಈಗ ಅನ್ನಿಸುತ್ತದೆ. ನಾನು ಕಡ್ಡಿಯನ್ನು ಕೆಳಗಿಡಲಿಲ್ಲ. "ದಿನಾ ಮಾತಾಡ್ತೀವಲ್ಲಕ್ಕ, ಎದುರಿಗಿ ಕುಂತಂಗ ಕೇಳ್ತದ. ಮತ್ತ್ಯಾಕ ಬರ್ಲಿ? ದೀಪಾವಳಿ ಮುಗಿಸ್ಕೊಂಡು ನೋಡ್ತೀನಿ ತಗೋ" ಎಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತಪ್ಪ, ಅಂಗಡಿ ನೋಡ್ಕೊ" ಎಂದೆ. ಫೋನು ಮೊದಲು ಇಟ್ಟವನು ನಾನು.

ಫೋನಿನ ತಪ್ಪಲ್ಲ ಅಕ್ಕ. ನೀನು ಬಾ ಎಂದದ್ದು ಹಳೆ ಫೋನಿನಲ್ಲೂ ಅಷ್ಟೇ ಕೇಳುತ್ತಿತ್ತು, ಹೊಸದರಲ್ಲೂ ಅಷ್ಟೇ ಕೇಳಿತು. ಒಂದು ಅಕ್ಷರವೂ ಮುಕ್ಕಾಗದೆ ನನ್ನ ಕಿವಿಗೆ ಬಿತ್ತು. ನನಗೆ ಕೇಳಿಸಿತ್ತು.

ನೀನಿರುವಲ್ಲಿ ನಿನಗೆ ಉಸಿರು ಸರಾಗವಾಗಿ ಬರಲಿ, ಅಕ್ಕ. ಅಷ್ಟೇ ನನ್ನ ಬೇಡಿಕೆ.

ಕರೆದಾಗ ಬಾರದ ನಿನ್ನ ತಮ್ಮ,
ಲಾಲಪ್ಪ